ಘನತೆಯ ಮರಣವೂ ಕರಿಬಸಮ್ಮನವರ ಪ್ರಶ್ನೆಯೂ

ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು, ದಯಾಮರಣಕ್ಕೆ ಅನುಮತಿ ಬೇಡಿ ಎರಡು ದಶಕಗಳಿಗೂ ಮಿಕ್ಕು ಸರ್ಕಾರಕ್ಕೆ ಪತ್ರ ಬರೆದು, ನ್ಯಾಯಾಲಯದ ಮೆಟ್ಟಿಲೇರಿ ನಡೆಸಿದ ಹೋರಾಟ ನಾಡಿಗೆ ಅಪರಿಚಿತವಲ್ಲ. 2025ರ ಜನವರಿ 30ರಂದು ಕರ್ನಾಟಕ ಸರ್ಕಾರವು ಘನತೆಯಿಂದ ಸಾಯುವ ಹಕ್ಕನ್ನು ಕುರಿತ ಸುತ್ತೋಲೆಯನ್ನು ಹೊರಡಿಸಿದಾಗ, ಅದರ ಪ್ರಥಮ ಫಲಾನುಭವಿ ಈ ವೃದ್ಧೆಯೇ ಆಗಬಹುದೆಂದು ಪತ್ರಿಕೆಗಳು ಬರೆದವು. ಆದರೆ ಆ ಸುತ್ತೋಲೆ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದನ್ನು ತಾಳ್ಮೆಯಿಂದ ಅರಿಯುವುದು ಅವಶ್ಯ.

ಉತ್ತರ ಕನ್ನಡದ ಹಳದೀಪುರದಲ್ಲಿ ಹುಟ್ಟಿ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದು, 1973ರ ಅಮಾನುಷ ಹಲ್ಲೆಯ ತರುವಾಯ ಸಾಯುವವರೆಗೂ ನಾಲ್ವತ್ತೆರಡು ವರ್ಷ ಪ್ರಜ್ಞಾಶೂನ್ಯಪ್ರಾಯರಾಗಿ ಮಲಗಿದ್ದ ಅರುಣಾ ಶಾನಭಾಗರ ಪ್ರಕರಣದಲ್ಲಿ, 2011ರಲ್ಲಿ, ಸರ್ವೋಚ್ಚ ನ್ಯಾಯಾಲಯವು ನಿಷ್ಕ್ರಿಯ ದಯಾಮರಣವನ್ನು ತತ್ತ್ವತಃ ಒಪ್ಪಿತು. 2018ರ ಮಾರ್ಚ್ 9ರಂದು ಸಂವಿಧಾನ ಪೀಠವು ಘನತೆಯ ಮರಣವನ್ನು ಜೀವಿಸುವ ಹಕ್ಕಿನ ಅಂಗವೆಂದು ಸಾರಿತು. 2023ರಲ್ಲಿ ಅದರ ವಿಧಿವಿಧಾನಗಳು ಸರಳಗೊಂಡವು. ಅದರಂತೆ, ಗುಣವಾಗುವ ಆಶೆಯಿಲ್ಲದ ರೋಗಿಯ ವೆಂಟಿಲೇಟರ್ ಮೊದಲಾದ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಲು ತಲಾ ಮೂವರು ವೈದ್ಯರ ಎರಡು ಮಂಡಲಿಗಳು ಒಪ್ಪಬೇಕು, ಮನೆಯವರ ಸಮ್ಮತಿಯಿರಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಸ್ವಸ್ಥಚಿತ್ತರಾದ ವಯಸ್ಕರು ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದ, ಅಂತಹ ಚಿಕಿತ್ಸೆ ಬೇಡವೆಂಬ ಜೀವಂತ ಉಯಿಲನ್ನು ಮುಂಚಿತವಾಗಿಯೇ ಬರೆದಿಡಬಹುದು.

ಕರ್ನಾಟಕದ ಸುತ್ತೋಲೆ ಜಾರಿಗೆ ತಂದದ್ದು ಈ ವಿಧಾನವನ್ನೇ. ಇದು ಮರಣಕ್ಕೆ ಅಡ್ಡಬರುವ ವ್ಯರ್ಥಚಿಕಿತ್ಸೆಯನ್ನು ನಿರಾಕರಿಸುವ ಹಕ್ಕೇ ಹೊರತು, ಮರಣವನ್ನು ಬೇಡಿ ಪಡೆಯುವ ಹಕ್ಕಲ್ಲ. ನೆದರ್ಲೆಂಡ್ಸ್ 2002ರಿಂದ ವೈದ್ಯರ ನೆರವಿನ ಮರಣವನ್ನು ಕಾನೂನುಬದ್ಧಗೊಳಿಸಿದ್ದರೂ, ಭಾರತದಲ್ಲಿ ಅದು ಇಂದಿಗೂ ಅಪರಾಧವೇ. ಯಂತ್ರದ ಆಸರೆಯಿಲ್ಲದೆ, ಎಚ್ಚರವಿದ್ದೂ ನೋವಿನಲ್ಲಿ ಬದುಕುವ ಕರಿಬಸಮ್ಮನವರಂಥವರಿಗೆ ಈ ಸುತ್ತೋಲೆ ಉತ್ತರವಾಗದು.

ತನ್ನ ದೇಹದ ಮೇಲೆ ತನಗೇ ಅಧಿಕಾರವೆಂಬ ವಾದವನ್ನು ಲಘುವಾಗಿ ಕಾಣಲಾಗದು. ಆದರೆ ಬಡತನವೂ ಒಂಟಿತನವೂ ಮನೆಮಂದಿಗೆ ಹೊರೆಯಾದೆನೆಂಬ ಸಂಕೋಚವೂ ವೃದ್ಧರ ಬಾಯಿಂದ ಸಾವಿನ ಬೇಡಿಕೆಯನ್ನು ನುಡಿಸಬಲ್ಲವೆಂಬ ಭಯವೂ ಅಷ್ಟೇ ಸತ್ಯ. ಬೆಂಗಳೂರಿನ ಕರುಣಾಶ್ರಯದಂತಹ ಸಂಸ್ಥೆಗಳು ಕ್ಯಾನ್ಸರ್ ರೋಗಿಗಳ ಅಂತ್ಯಕಾಲದ ಯಾತನೆಯನ್ನು ಶಮನಗೊಳಿಸಬಹುದೆಂದು ತೋರಿಸಿಕೊಟ್ಟಿವೆ. 2014ರ ಕಾನೂನು ತಿದ್ದುಪಡಿ ನೋವುನಿವಾರಕ ಮಾರ್ಫಿನ್ ಪೂರೈಕೆಯ ತೊಡಕನ್ನೂ ಸಡಿಲಿಸಿದೆ. ಆ ಉಪಶಮನ ಚಿಕಿತ್ಸೆ ದಾವಣಗೆರೆಯ ಜಿಲ್ಲಾ ಆಸ್ಪತ್ರೆಗೂ ಹರಿಹರದ ತಾಲ್ಲೂಕು ಆಸ್ಪತ್ರೆಗೂ, ಅಲ್ಲಿಂದ ರೋಗಿಯ ಮನೆಬಾಗಿಲಿಗೂ ತಲುಪುವಂತೆ ಮಾಡುವುದು ಸರ್ಕಾರದ ಮೊದಲ ಕರ್ತವ್ಯ. ನೋವನ್ನು ನೀಗುವ ಮಾರ್ಗ ಕೈಗೆಟುಕಿದ ಮೇಲೆ ವ್ಯಕ್ತಿಯೊಬ್ಬನು ಮಾಡುವ ಆಯ್ಕೆಯನ್ನು ಮಾತ್ರ ಸ್ವತಂತ್ರವೆನ್ನಬಹುದು.