ತಿಳಿನೀರನ್ನೇ ನಂಬಬೇಡಿ
ಮನೆಯಂಗಳದ ಮೀನುಕೊಳಕ್ಕೆ ಶೋಧಕವನ್ನು ಆರಿಸುವ ಬಗೆ

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ಕೇಳದವರಿಲ್ಲ. ತೋಟದ ಮೂಲೆಯಲ್ಲಿ ಮೀನಿನ ಕೊಳವೊಂದನ್ನು ಕಟ್ಟಿಸಬೇಕೆಂದಿರುವವರು ಅದರ ಜೊತೆಗೇ ಇನ್ನೊಂದು ಮಾತನ್ನೂ ನೆನಪಿನಲ್ಲಿಟ್ಟುಕೊಳ್ಳುವುದು ಲೇಸು: ತಿಳಿಯಾಗಿರುವುದೆಲ್ಲ ಒಳ್ಳೆಯ ನೀರಲ್ಲ.

ಬೆಂಗಳೂರು, ಮೈಸೂರುಗಳಂಥ ನಗರಗಳಲ್ಲಿ ಇಂದು ಎಷ್ಟೋ ಮನೆಗಳ ಮುಂದೆ ಇಂಥ ಪುಟ್ಟ ಕೊಳಗಳು ಕಾಣಸಿಗುತ್ತವೆ. ಕೊಳದ ಗಾರೆಕೆಲಸ ಮುಗಿಯುತ್ತದೆ, ನಲ್ಲಿಯ ನೀರು ತುಂಬುತ್ತದೆ, ಮಕ್ಕಳ ಒತ್ತಾಯಕ್ಕೆ ಅಂದೇ ಸಂಜೆ ಹತ್ತಾರು ಹೊನ್ನಮೀನುಗಳೋ ಜಪಾನಿನ ಕೋಯ್ ಮೀನುಗಳೋ ಬಂದಿಳಿಯುತ್ತವೆ. ಮೊದಲ ಕೆಲವು ದಿನ ಮನೆಯವರಿಗೆಲ್ಲ ಸಂಭ್ರಮ. ಅನಂತರ ಒಂದು ಮುಂಜಾನೆ ಮೀನೊಂದು ಮೇಲೆ ತೇಲುತ್ತದೆ, ಮರುದಿನ ಮತ್ತೆರಡು. ನೀರೋ ಕನ್ನಡಿಯಂತೆ ತಿಳಿಯಾಗಿದೆ! ದೋಷ ಎಲ್ಲಿದೆಯೆಂದು ಯಾರಿಗೂ ತೋಚದು. ಮೀನು ಮಾರಿದವನ ಮೇಲೆ ಅನುಮಾನ ಹುಟ್ಟುತ್ತದೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ಕಾರಣವಿರುವುದು ಆ ತಿಳಿನೀರಿನಲ್ಲಿಯೇ.

ಕಣ್ಣಿಗೆ ಕಾಣದ ವಿಷ

ಮೀನು ತಿಂದ ಆಹಾರದ ಒಂದು ಪಾಲು ಅಮೋನಿಯವಾಗಿ ಮಾರ್ಪಟ್ಟು, ಮುಖ್ಯವಾಗಿ ಕಿವಿರುಗಳ ಮೂಲಕ ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ಆಹಾರವೂ ಉದುರಿದ ಎಲೆಗಳೂ ಕೊಳೆತಾಗ ಅದೇ ವಸ್ತು ಹುಟ್ಟುತ್ತದೆ. ಮೀನನ್ನು ಕೊಲ್ಲಲು ಸಾಕಾಗುವಷ್ಟು ಅಮೋನಿಯ ನೀರಿನಲ್ಲಿದ್ದರೂ ಬಣ್ಣ ಬದಲಾಗುವುದಿಲ್ಲ. ನೀರಿನ ಕ್ಷಾರಗುಣ ಹೆಚ್ಚಿದಂತೆ ಅದರ ವಿಷವೂ ಏರುತ್ತದೆ. 25 ಡಿಗ್ರಿ ಉಷ್ಣತೆಯ ನೀರಿನಲ್ಲಿ ಪಿಎಚ್ ಅಳತೆ 7 ಇದ್ದಾಗ ಅಮೋನಿಯದಲ್ಲಿ ನೂರಕ್ಕೆ ಸುಮಾರು ಅರ್ಧ ಪಾಲು ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಏರಿದರೆ ಅದು ನೂರಕ್ಕೆ 5 ಪಾಲನ್ನು ಮೀರುತ್ತದೆ.

ಹಾಗಾದರೆ ಕೆರೆಯ ಮೀನು ಹೇಗೆ ಬದುಕುತ್ತದೆ? ಅಲ್ಲಿ ನೀರು ಅಪಾರ, ಮೀನು ವಿರಳ. ಅಷ್ಟೇ ಅಲ್ಲ, ಕೆರೆಯ ಕೆಸರು, ಕಲ್ಲು, ಜೊಂಡುಗಳ ಮೈಮೇಲೆಲ್ಲ ಸೂಕ್ಷ್ಮಜೀವಿಗಳು ನೆಲಸಿವೆ. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದೂ ಮೀನಿನ ರಕ್ತವನ್ನು ಕೆಡಿಸುವ ವಿಷವೇ. ಇನ್ನೊಂದು ಬಗೆಯವು ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತವೆ. ಈ ಜೀವಿಗಳನ್ನು 1890ರ ಸುಮಾರಿಗೆ ಬೇರ್ಪಡಿಸಿ ಅವುಗಳ ಕಾರ್ಯವನ್ನು ವಿವರಿಸಿದವನು ರಷ್ಯದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ. ಎರಡು ಕೆಲಸಗಳನ್ನೂ ತಾನೊಂದೇ ಪೂರೈಸಬಲ್ಲ ಸೂಕ್ಷ್ಮಜೀವಿಯೂ ಉಂಟೆಂಬುದು 2015ರಲ್ಲಿ ಬೆಳಕಿಗೆ ಬಂತು. ಅಂಥವು ದೊರೆತ ತಾಣಗಳಲ್ಲಿ ಮೀನುಸಾಕಣೆಯ ಶೋಧಕವೂ ಒಂದಾಗಿತ್ತೆಂಬುದು ಸ್ವಾರಸ್ಯದ ಸಂಗತಿ.

ಹೊಸದಾಗಿ ಕಟ್ಟಿದ ಕೊಳದಲ್ಲಿ ಈ ಅದೃಶ್ಯ ಸೇವಕರು ಇಲ್ಲವೆನ್ನುವಷ್ಟು ಕಡಮೆ. ಅವರಿಗೊಂದು ಬೀಡನ್ನು ಒದಗಿಸುವುದೇ ಶೋಧಕದ, ಅಂದರೆ ಅಂಗಡಿಯವರು ಫಿಲ್ಟರ್ ಎನ್ನುವ ಸಾಧನದ, ಪ್ರಧಾನ ಕಾರ್ಯ. ಶೋಧಕವನ್ನು ಬರಿಯ ಜರಡಿಯೆಂದು ಭಾವಿಸಿ ಕೊಂಡವರು ಹಣವನ್ನೂ ಮೀನನ್ನೂ ಕಳೆದುಕೊಳ್ಳುತ್ತಾರೆ.

ಮೂರು ಬೇರೆ ಬೇರೆ ಕೆಲಸಗಳು

ಅಂಗಡಿಯಲ್ಲಿ ಒಂದೇ ಹೆಸರಿನಿಂದ ಮಾರಾಟವಾಗುವ ಸಾಧನದೊಳಗೆ ಮೂರು ಕೆಲಸಗಳು ಅಡಗಿರಬಹುದು. ಸ್ಪಂಜು, ಕುಂಚ ಮೊದಲಾದವು ಕಸವನ್ನು ಹಿಡಿಯುತ್ತವೆ. ಪ್ಲಾಸ್ಟಿಕ್ಕಿನ ಸಣ್ಣ ಗಾಲಿಗಳೋ ರಂಧ್ರಮಯವಾದ ಕಲ್ಲುಗಳೋ ಸೂಕ್ಷ್ಮಜೀವಿಗಳಿಗೆ ನೆಲೆಯಾಗುತ್ತವೆ. ನೇರಳಾತೀತ ದೀಪವಾದರೋ ನೀರನ್ನು ಹಸಿರಾಗಿಸುವ ತೇಲುಪಾಚಿಯನ್ನು ನಾಶಮಾಡುತ್ತದೆ. ಈ ದೀಪವನ್ನು ಹಾಕಿದ ಕೆಲವೇ ದಿನಗಳಲ್ಲಿ ನೀರು ತಿಳಿಯಾಗುವುದರಿಂದ ಅನೇಕರು ಅದಕ್ಕೇ ಮರುಳಾಗುತ್ತಾರೆ. ಆದರೆ ಅಮೋನಿಯವನ್ನು ಅದು ಕಳೆಯಲಾರದು. ದೀಪವಿಲ್ಲದೆ ಕೊಳವನ್ನು ನಡೆಸಬಹುದು; ಸೂಕ್ಷ್ಮಜೀವಿಗಳಿಲ್ಲದೆ ನಡೆಸಲಾಗದು.

ಯಾವುದನ್ನು ಕೊಳ್ಳಬೇಕು?

ಸಣ್ಣ ಕೊಳಕ್ಕೆ, ನಾಲ್ಕಾರು ಹೊನ್ನಮೀನುಗಳಿಗೆ, ಪೆಟ್ಟಿಗೆಯ ಶೋಧಕ ಸಾಕು. ಪಂಪು ನೀರನ್ನು ಪೆಟ್ಟಿಗೆಗೆ ಏರಿಸುತ್ತದೆ. ನೀರು ಸ್ಪಂಜು, ಗಾಲಿಗಳನ್ನು ಹಾದು ತಾನಾಗಿಯೇ ಕೊಳಕ್ಕೆ ಮರಳುತ್ತದೆ. ಮುಚ್ಚಳ ತೆಗೆದು ತೊಳೆಯುವುದೂ ಸುಲಭ.

ಒತ್ತಡದ ಶೋಧಕವೆಂಬುದು ಬಿಗಿಯಾಗಿ ಮುಚ್ಚಿದ ಪೀಪಾಯಿ. ಇದನ್ನು ಗಿಡಗಳ ಮರೆಯಲ್ಲಿ ಹುದುಗಿಸಬಹುದು, ಅಲ್ಲಿಂದ ನೀರನ್ನು ಮೇಲಕ್ಕೇರಿಸಿ ಪುಟ್ಟ ಜಲಪಾತವನ್ನೂ ಮಾಡಬಹುದು. ಆದರೆ ಇದಕ್ಕೊಂದು ಕುಂದುಂಟು. ಒಳಗಿನ ಜೀವಿಗಳು ಉಸಿರಾಡುವುದು ಹರಿಯುವ ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ವಿದ್ಯುತ್ತು ಹೋಗಿ ಪಂಪು ಗಂಟೆಗಟ್ಟಲೆ ನಿಂತರೆ ಒಳಗಿನ ನೀರಿನ ಪ್ರಾಣವಾಯು ತೀರಿ ಅವು ಸಾಯತೊಡಗುತ್ತವೆ, ನೀರು ನಾರುತ್ತದೆ. ಅಂಥ ಸಮಯದಲ್ಲಿ ಪೀಪಾಯಿಯ ನೀರನ್ನು ಹೊರಗೆ ಚೆಲ್ಲಿ, ಅನಂತರವೇ ಪಂಪನ್ನು ಕೊಳಕ್ಕೆ ಜೋಡಿಸಬೇಕು.

ವಿದ್ಯುತ್ತು ಪದೇ ಪದೇ ಕೈಕೊಡುವ ಊರಿನವರಿಗೆ ತೆರೆದ ಜಿನುಗು ಶೋಧಕವೇ ಮೇಲು. ಒಂದರ ಮೇಲೊಂದು ಇಟ್ಟ ತೂತಿನ ತಟ್ಟೆಗಳಲ್ಲಿ ರಂಧ್ರಗಲ್ಲುಗಳನ್ನು ತುಂಬಿ, ಮೇಲಿನಿಂದ ನೀರನ್ನು ಸುರಿಯುವುದೇ ಇದರ ಕ್ರಮ. ಪಂಪು ಸ್ವಲ್ಪ ಹೊತ್ತು ನಿಂತರೂ ಒದ್ದೆಯಾದ ಕಲ್ಲುಗಳಿಗೆ ಗಾಳಿ ಆಡುತ್ತಲೇ ಇರುತ್ತದೆ.

ಜಾಗವುಳ್ಳವರು ಗಿಡಗಳ ಮಡಿಯನ್ನೂ ಮಾಡಬಹುದು. ಪಕ್ಕದ ತೊಟ್ಟಿಯಲ್ಲಿ ಜಲ್ಲಿ ತುಂಬಿ, ಕೆಸು, ಲಾವಂಚ, ಕ್ಯಾನಾ ಗಿಡಗಳನ್ನು ನೆಟ್ಟು, ಕೊಳದ ನೀರನ್ನು ಅದರ ಮೂಲಕ ಹರಿಸಿದರೆ ಜಲ್ಲಿಯಲ್ಲಿ ಸೂಕ್ಷ್ಮಜೀವಿಗಳು ನೆಲಸುತ್ತವೆ; ನೈಟ್ರೇಟನ್ನು ಗಿಡದ ಬೇರುಗಳು ಗೊಬ್ಬರವಾಗಿ ಹೀರುತ್ತವೆ.

ಅಳತೆಯ ಲೆಕ್ಕ

ಕೊಳ 8 ಅಡಿ ಉದ್ದ, 5 ಅಡಿ ಅಗಲ, ಎರಡೂವರೆ ಅಡಿ ಆಳವಿದೆಯೆನ್ನೋಣ. ಅದು 100 ಘನ ಅಡಿ. ಘನ ಅಡಿಗೆ 28 ಲೀಟರಿನ ಲೆಕ್ಕದಲ್ಲಿ 2,800 ಲೀಟರ್ ನೀರು. ಎರಡು ಗಂಟೆಗೊಮ್ಮೆಯಾದರೂ ಅಷ್ಟೂ ನೀರು ಶೋಧಕವನ್ನು ಹಾದುಬರಬೇಕು. ಎಂದರೆ ಗಂಟೆಗೆ 1,400 ಲೀಟರ್. ಹೊಟ್ಟೆಬಾಕನೆಂದು ಹೆಸರಾದ ಕೋಯ್ ಮೀನಿಗಾದರೆ ಇದರ ಎರಡರಷ್ಟು. ಪಂಪಿನ ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಅಂಕಿ ಸಾಮಾನ್ಯವಾಗಿ ನೀರನ್ನು ಎತ್ತರಕ್ಕೆ ಏರಿಸದಿದ್ದಾಗಿನದು. ನಾಲ್ಕು ಅಡಿ ಏರಿಸಿದಾಗ ಎಷ್ಟೆಂಬುದನ್ನು ಕೇಳಿ ತಿಳಿಯಬೇಕು. ಶೋಧಕದ ಡಬ್ಬಿಯ ಅಂಕಿಯೂ ಹೀಗೆಯೇ. ಮೀನಿಲ್ಲದ ಕೊಳಕ್ಕೆ ಹೇಳಿದ ಅಳತೆ ಕೋಯ್ ತುಂಬಿದ ಕೊಳಕ್ಕೆ ಸಲ್ಲದು.

ಖರ್ಚಿಗೆ ಹೆದರಿ ರಾತ್ರಿ ಪಂಪನ್ನು ನಿಲ್ಲಿಸುವವರಿದ್ದಾರೆ. 40 ವ್ಯಾಟಿನ ಪಂಪು ಹಗಲಿರುಳು ಓಡಿದರೂ ತಿಂಗಳಿಗೆ ವ್ಯಯವಾಗುವುದು ಸುಮಾರು 29 ಯೂನಿಟ್ಟು. ರಾತ್ರಿಯ ವೇಳೆಯಲ್ಲಿ ಪಾಚಿಯೂ ಗಿಡಗಳೂ ಆಮ್ಲಜನಕವನ್ನು ಕೊಡುವುದಿರಲಿ, ತಾವೇ ಬಳಸಿಕೊಳ್ಳುತ್ತವೆ. ಪಂಪು ಅತ್ಯವಶ್ಯವಾಗುವುದು ಆಗಲೇ.

ತಾಳಿದವನು ಬಾಳಿಯಾನು

ಎಷ್ಟು ಬೆಲೆ ತೆತ್ತರೂ ಅಂಗಡಿಯಲ್ಲಿ ದೊರೆಯದ ವಸ್ತುವೊಂದಿದೆ: ಕಾಲ. ಹೊಸ ಶೋಧಕದಲ್ಲಿ ಸೂಕ್ಷ್ಮಜೀವಿಗಳು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರಗಳಾದರೂ ಬೇಕು. ಮೊದಲು ಎರಡೋ ಮೂರೋ ಮೀನುಗಳನ್ನು ಬಿಟ್ಟು, ಆಹಾರವನ್ನು ಮಿತವಾಗಿ ಹಾಕಿ, ನೀರಿನ ಪರೀಕ್ಷೆಯ ಪೆಟ್ಟಿಗೆಯಿಂದ ಅಮೋನಿಯವನ್ನೂ ನೈಟ್ರೈಟನ್ನೂ ಅಳೆಯುತ್ತಿರಬೇಕು. ಎರಡೂ ಸೊನ್ನೆಗೆ ಇಳಿದು ಹಾಗೆಯೇ ನಿಂತ ಮೇಲೆ ಉಳಿದ ಮೀನುಗಳನ್ನು ಸ್ವಲ್ಪ ಸ್ವಲ್ಪವಾಗಿ ತರಬಹುದು. ಆರೋಗ್ಯವಂತ ಮೀನುಗಳಿರುವ ಸ್ನೇಹಿತರ ಕೊಳದಿಂದ ಹಳೆಯ ಸ್ಪಂಜಿನ ತುಂಡೊಂದು ದೊರೆತರೆ, ಹಾಲಿಗೆ ಹೆಪ್ಪು ಹಾಕಿದಂತೆ, ಕೆಲಸ ಬೇಗ ಕೂಡುತ್ತದೆ.

ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆಯುವುದು ಅಚ್ಚುಕಟ್ಟಿನ ಗೃಹಿಣಿಗೆ ಸಹಜವೆನಿಸೀತು. ಆದರೆ ನಲ್ಲಿಯ ನೀರಿನ ಕ್ಲೋರಿನ್ ವಾರಗಟ್ಟಲೆ ಬೆಳೆದ ಜೀವಿಗಳನ್ನು ಕೊಂದುಬಿಡುತ್ತದೆ. ಕೊಳದ ನೀರನ್ನೇ ಬಕೆಟ್ಟಿನಲ್ಲಿ ತೆಗೆದುಕೊಂಡು, ಒಮ್ಮೆಗೆ ಅರ್ಧ ಭಾಗವನ್ನಷ್ಟೇ ಅದರಲ್ಲಿ ಅದ್ದಿ ಹಿಂಡಬೇಕು. ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರನ್ನು ಬದಲಿಸುವುದೂ ಆವಶ್ಯಕ. ಹೊಸ ನೀರಿನ ಕ್ಲೋರಿನ್ನನ್ನು ಅದಕ್ಕಾಗಿಯೇ ದೊರೆಯುವ ಔಷಧದಿಂದ ಮೊದಲೇ ಕಳೆಯಬೇಕು. ಹೊರತೆಗೆದ ನೀರು ದಾಸವಾಳಕ್ಕೂ ಕರಿಬೇವಿಗೂ ಒಳ್ಳೆಯ ಗೊಬ್ಬರ.

ಆದುದರಿಂದ ಅಂಗಡಿಗೆ ಹೋದಾಗ, “ಇದರಿಂದ ನೀರು ಎಷ್ಟು ತಿಳಿಯಾಗುತ್ತದೆ?” ಎಂದು ಕೇಳುವುದಕ್ಕಿಂತ ಮೊದಲು ಮೂರು ಪ್ರಶ್ನೆಗಳನ್ನು ಕೇಳಿರಿ: ಸೂಕ್ಷ್ಮಜೀವಿಗಳಿಗೆ ಇದರಲ್ಲಿ ಎಷ್ಟು ಎಡೆಯಿದೆ? ವಿದ್ಯುತ್ತು ಹೋದಾಗ ಅವುಗಳಿಗೆ ಗಾಳಿ ಎಲ್ಲಿಂದ ಬರುತ್ತದೆ? ತೊಳೆಯುವುದು ಮನೆಯವರ ಕೈಯಲ್ಲಿ ಆಗುವಂಥದೆ? ಮೂರಕ್ಕೂ ತಕ್ಕ ಉತ್ತರ ಕೊಡುವ ಶೋಧಕ ನೋಡಲು ಸಾಧಾರಣವಾಗಿದ್ದರೂ ಚಿಂತೆಯಿಲ್ಲ. ಬಾಯಿಲ್ಲದ ಜೀವಿಗಳನ್ನು ಮನೆಗೆ ಕರೆತರುವವರು ಮೊದಲು ಎರಡೋ ಮೂರೋ ಮೀನುಗಳೊಂದಿಗೆ ಶೋಧಕವನ್ನು ಆರು ವಾರ ಓಡಿಸಿ, ಉಳಿದವನ್ನು ಅನಂತರವೇ ತಂದರೆ, ಮಕ್ಕಳು ಹೆಸರಿಟ್ಟು ಕರೆಯುವ ಮೀನುಗಳು ಆ ಮಕ್ಕಳೊಂದಿಗೇ ದೊಡ್ಡವಾಗುವುದನ್ನು ಕಾಣಬಹುದು.