ಗೋಡೆ ನಮ್ಮದು, ಪೆಟ್ಟಿಗೆ ಯಾರದು?

ಬೆಳ್ತಂಗಡಿ ತಾಲೂಕಿನ ಅನೇಕ ಮನೆಗಳ ಹೊರಗೋಡೆಯನ್ನು ಗಮನವಿಟ್ಟು ನೋಡಿದರೆ, ಕಳೆದ ಕೆಲವು ದಶಕಗಳ ವಿದ್ಯುದ್ವಿಜ್ಞಾನದ ಚರಿತ್ರೆಯನ್ನು ಅಲ್ಲಿ ಓದಬಹುದು. ಜಗಲಿಯ ಒಂದು ಮಗ್ಗುಲಲ್ಲಿ ಮೊಹರು ಹಾಕಿದ ವಿದ್ಯುತ್ ಮೀಟರು. ಅದರ ಸಮೀಪದಲ್ಲಿ, ಎಂದೋ ಮೂಕವಾಗಿ ಹೋದ ಟೆಲಿಫೋನಿನ ಸಣ್ಣ ಡಬ್ಬಿ. ಮಾಡಿನ ಅಂಚಿನ ಕೆಳಗೆ, ಕರಿಯ ಕೇಬಲುಗಳು ಒಳಹೊಕ್ಕು ಹೊರಬರುವ ತಗಡಿನ ಪೆಟ್ಟಿಗೆ. ಇತ್ತೀಚೆಗೆ ಇವುಗಳ ಜೊತೆಗೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಬಿಳಿಯ ಪ್ಲಾಸ್ಟಿಕ್ ಪೆಟ್ಟಿಗೆಯೊಂದು ಸೇರಿಕೊಂಡಿದೆ. ಅದರೊಳಗೆ ಬರುವುದು ತಾಮ್ರದ ತಂತಿಯಲ್ಲ, ಗಾಜಿನ ಎಳೆ. ಗೋಡೆಗೆ ಕಲ್ಲು ತರಿಸಿ ಸಾರಣೆ ಮಾಡಿಸಿದವನು ಮನೆಯ ಯಜಮಾನ. ಆದರೆ ಆ ಗೋಡೆಯ ಮೇಲಿನ ಪೆಟ್ಟಿಗೆಗಳನ್ನು ತೆರೆಯುವ ಅಧಿಕಾರ ಅವನಿಗೆ ಉಂಟೆ? ಉಂಟಾದರೆ ಯಾವುದನ್ನು, ಎಷ್ಟರ ಮಟ್ಟಿಗೆ? ಇದು ವಕೀಲರು ಬಿಡಿಸಬೇಕಾದ ಪ್ರಶ್ನೆಯೆಂದು ಮೇಲುನೋಟಕ್ಕೆ ತೋರೀತು. ಉತ್ತರದ ಬಹುಭಾಗವಿರುವುದು ಭೌತವಿಜ್ಞಾನದಲ್ಲಿ.

ಕಂಪೆನಿಯ ಪೆಟ್ಟಿಗೆ ಕಂಬದ ಮೇಲಿರದೆ ಮನೆಯ ಗೋಡೆಗೇಕೆ ಬಂದಿತೆಂಬುದನ್ನು ಮೊದಲು ನೋಡೋಣ. ಬಯಲುಸೀಮೆಯ ಊರುಗಳಂತೆ ತುಳುನಾಡಿನ ಮನೆಗಳು ಒತ್ತೊತ್ತಾಗಿ ಒಂದೆಡೆ ಸೇರಿಲ್ಲ. ಗದ್ದೆಯ ಆಚೆಗೊಂದು, ಅಡಕೆ ತೋಟದ ನಡುವೆ ಒಂದು, ಗುಡ್ಡದ ಮಗ್ಗುಲಿಗೊಂದು—ಹೀಗೆ ಚದರಿಕೊಂಡಿವೆ. ರಸ್ತೆಯ ಕಂಬದಿಂದ ಮನೆಗೆ ನೂರು ಮೀಟರು ಕೇಬಲು ಎಳೆಯುವುದು ಇಲ್ಲಿ ವಿಶೇಷವಲ್ಲ. ಟೆಲಿವಿಷನ್ನಿಗೆ ಬರುವ ಸಾಮಾನ್ಯ ಕೇಬಲಿನ ನಟ್ಟನಡುವೆ ಒಂದು ಮಿಲಿಮೀಟರು ದಪ್ಪದ ತಂತಿ. ಅದರ ಸುತ್ತ ನೊರೆಯಂತಹ ಪ್ಲಾಸ್ಟಿಕ್. ಅದರ ಮೇಲೆ ಲೋಹದ ಹಾಳೆ ಮತ್ತು ಹೆಣೆದ ತಂತಿಗಳ ಕವಚ. ಎಲ್ಲಕ್ಕೂ ಹೊರಗೆ ಕರಿಯ ಸಿಪ್ಪೆ. ಇಂತಹ ಕೇಬಲಿನಲ್ಲಿ ೮೬೦ ಮೆಗಾಹರ್ಟ್ಸ್ ಆವರ್ತದ ಸಂಕೇತ ನೂರು ಮೀಟರು ಸಾಗುವಷ್ಟರಲ್ಲಿ ತನ್ನ ಶಕ್ತಿಯ ನೂರರಲ್ಲಿ ತೊಂಬತ್ತೊಂಬತ್ತು ಪಾಲನ್ನು ಕಳೆದುಕೊಳ್ಳುವುದು. ೫೦ ಮೆಗಾಹರ್ಟ್ಸ್ ಸಂಕೇತಕ್ಕೆ ಅಷ್ಟು ನಷ್ಟವಿಲ್ಲ. ಅದರ ಮೂರರಲ್ಲಿ ಒಂದು ಪಾಲಾದರೂ ಗುರಿ ಮುಟ್ಟುವುದು. ಆದುದರಿಂದ ದಾರಿಯ ನಡುವೆ ಎಲ್ಲಾದರೂ ಸಂಕೇತವನ್ನು, ಅದರಲ್ಲಿಯೂ ಮೇಲಿನ ಆವರ್ತಗಳನ್ನು, ಬಲಪಡಿಸುವ ವರ್ಧಕ ಬೇಕೇಬೇಕು. ವರ್ಧಕಕ್ಕೆ ವಿದ್ಯುತ್ತು ಬೇಕು. ವಿದ್ಯುತ್ತು ಇರುವುದು ಮನೆಯಲ್ಲಿ. ದಾರಿಯಲ್ಲಿ ಸಿಕ್ಕಿದ ಅನುಕೂಲದ ಮನೆಯ ಗೋಡೆಗೆ ಪೆಟ್ಟಿಗೆ ಬಿಗಿದು, ಅದೇ ಮನೆಯಿಂದ ವಿದ್ಯುತ್ತು ಪಡೆದು, ಪ್ರತಿಯಾಗಿ ಆ ಮನೆಯವರಿಗೆ ಚಂದಾದಲ್ಲಿ ರಿಯಾಯಿತಿ ಕೊಡುವುದು ನಮ್ಮ ದೇಶದ ಅನೇಕ ಊರುಗಳಲ್ಲಿ ಬೆಳೆದು ಬಂದ ರೂಢಿ. ವ್ಯಾಪಾರ ನ್ಯಾಯವೋ ಅಲ್ಲವೋ ಎಂಬುದನ್ನು ವಾಚಕರೇ ಲೆಕ್ಕ ಹಾಕಬಹುದು: ೧೫ ವಾಟ್ ವರ್ಧಕ ಹಗಲಿರುಳು ನಡೆದರೆ ತಿಂಗಳಿಗೆ ಸುಮಾರು ೧೧ ಯೂನಿಟ್ ವಿದ್ಯುತ್ತು ವೆಚ್ಚವಾಗುವುದು.

ಈ ಪೆಟ್ಟಿಗೆಗೆ ಬೀಗ ಹಾಕುವುದರಲ್ಲಿ ಕಂಪೆನಿಯವರಿಗೆ ಸ್ವಾರ್ಥವಿದೆ, ನಿಜ. ಪಕ್ಕದ ಮನೆಗೆ ಕದ್ದು ಸಂಪರ್ಕ ಕೊಡಬಾರದಷ್ಟೆ. ಆದರೆ ಇನ್ನೊಂದು ಕಾರಣವೂ ಉಂಟು, ಅದು ಸ್ವಾರ್ಥದ್ದಲ್ಲ. ಕೇಬಲಿನೊಳಗೆ ಹರಿಯುವ ಆವರ್ತಗಳಲ್ಲಿ ೧೦೮ರಿಂದ ೧೩೭ ಮೆಗಾಹರ್ಟ್ಸ್ ವರೆಗಿನ ಪಟ್ಟಿ, ಹೊರಗೆ ಆಕಾಶದಲ್ಲಿ ವಿಮಾನಗಳ ಸಂಚಾರಕ್ಕೂ ಸಂಭಾಷಣೆಗೂ ಮೀಸಲಾದುದು. ಕವಚ ಸರಿಯಾಗಿದ್ದಾಗ ಎರಡಕ್ಕೂ ಜಗಳವಿಲ್ಲ. ಬಿಗಿಯಾಗಿ ಕೂರದ ಒಂದು ಜೋಡಣೆ ಸಾಕು, ಕೇಬಲು ಪುಟ್ಟ ಆಂಟೆನಾ ಆಗಿ ಒಳಗಿನದನ್ನು ಹೊರಕ್ಕೆ ಸೂಸುವುದು, ಹೊರಗಿನದನ್ನು ಒಳಕ್ಕೆ ಎಳೆಯುವುದು. ಅದೇ ಕೇಬಲಿನಲ್ಲಿ ಅಂತರ್ಜಾಲವೂ ಇದ್ದರೆ, ಒಂದು ಮನೆಯ ಮಿಕ್ಸಿಯ ಗದ್ದಲ ಹಿಮ್ಮುಖವಾಗಿ ಹರಿದು ಆ ಕವಲಿನ ಎಲ್ಲ ಮನೆಗಳಿಗೂ ತೊಂದರೆ ಕೊಡುವುದು. ಇನ್ನು ನಮ್ಮ ಮಳೆ! ವರ್ಷಕ್ಕೆ ೪೦೦೦ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಈ ಘಟ್ಟದ ತಪ್ಪಲಿನಲ್ಲಿ, ಒಮ್ಮೆ ತೆರೆದು ಅರ್ಧಮರ್ಧ ಮುಚ್ಚಿದ ಪೆಟ್ಟಿಗೆಯೊಳಗೆ ಆಷಾಢ ಕಳೆಯುವುದರೊಳಗೆ ನೀರು, ಇರುವೆ, ಹಲ್ಲಿ ಎಲ್ಲವೂ ಸಂಸಾರ ಹೂಡುವುವು. ಇದರಿಂದ, ಕಂಡ ಕಂಡವರು ಪೆಟ್ಟಿಗೆಗೆ ಕೈಹಾಕಬಾರದೆಂಬ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ.

ಮನೆಯವರ ಪಕ್ಷದ ವಾದ ಇದಕ್ಕಿಂತ ಬಲವಾದುದು. ಸೆಟ್‌ಟಾಪ್ ಬಾಕ್ಸಿನ ಹಿಂದಿನ ಕೇಬಲಿನ ತುದಿಯನ್ನು ಮುಟ್ಟಿದಾಗ ಬೆರಳಿನಲ್ಲಿ ಜುಮ್ಮೆನ್ನುವ ಅನುಭವ ಅನೇಕರಿಗೆ ಆಗಿದ್ದೀತು. ಇಂದಿನ ಟೆಲಿವಿಷನ್ನುಗಳ ವಿದ್ಯುತ್ ಸರಬರಾಜು ಭಾಗದಲ್ಲಿ, ಗದ್ದಲವನ್ನು ಸೋಸುವುದಕ್ಕಾಗಿ, ೨೩೦ ವೋಲ್ಟಿನ ಕಡೆಗೂ ಲೋಹದ ಚೌಕಟ್ಟಿಗೂ ನಡುವೆ ಸಣ್ಣದೊಂದು ಕೆಪಾಸಿಟರನ್ನು ಇಟ್ಟಿರುವರು. ಅದರ ಮೂಲಕ ಸುಮಾರು ೦.೧೫ ಮಿಲಿಆಂಪಿಯರ್ ಪ್ರವಾಹ ಸದಾ ಸೋರುತ್ತಿರುವುದು. ಒಂದು ಮನೆಯ ಮಟ್ಟಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಕೇಬಲಿನ ಲೋಹಕವಚ ಒಂದು ಮನೆಯದಲ್ಲ. ಅದು ಆ ಕವಲಿನ ಎಲ್ಲ ಮನೆಗಳನ್ನು ಒಂದೇ ಸರಕ್ಕೆ ಪೋಣಿಸಿರುವುದು. ಎಲ್ಲಿಯೂ ಭೂಸಂಪರ್ಕವಿಲ್ಲದ ಕವಚಕ್ಕೆ ಇಪ್ಪತ್ತು ಮನೆಗಳ ಸೋರಿಕೆ ಸೇರಿದರೆ ೩ ಮಿಲಿಆಂಪಿಯರ್ ಆಯಿತು. ಮನುಷ್ಯನ ಮೈಗೆ ೧ ಮಿಲಿಆಂಪಿಯರೇ ಅರಿವಾಗುವುದು. ೧೦ರ ಸುಮಾರಿಗೆ ಹಿಡಿದುದನ್ನು ಬಿಡಲು ಸ್ನಾಯುಗಳು ಒಪ್ಪುವುದಿಲ್ಲ. ಇದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿದೆ. ಯಾರದೋ ಗೋಡೆಯ ಮೇಲಿನ ವರ್ಧಕದಲ್ಲಿ ನಿರೋಧಕ ಕೆಟ್ಟು ೨೩೦ ವೋಲ್ಟ್ ಕವಚಕ್ಕೆ ತಗಲಿತೆಂದರೆ, ಆ ದೋಷ ಅರ್ಧ ಮೈಲಿ ದೂರದ, ಅದರ ಸುದ್ದಿಯೇ ಇಲ್ಲದ ಇನ್ನೊಂದು ಮನೆಯ ಕೂಸಿನ ಕೈಗೆ ಎಟುಕಬಹುದು. ಕಂಬ ಏರಿದ ಕೇಬಲಿನ ಹುಡುಗನಿಗೂ ಅದೇ ಗಂಡಾಂತರ.

ಇಷ್ಟು ದಿನನಿತ್ಯದ ಮಾತಾಯಿತು. ಬಿಸು ಹಬ್ಬದಿಂದ ಪತ್ತನಾಜೆಯವರೆಗೆ, ಎಂದರೆ ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ, ಘಟ್ಟದ ನೆತ್ತಿಯಲ್ಲಿ ಸಂಜೆಯ ಮೋಡ ಕಟ್ಟುವ ಕಾಲದಲ್ಲಿ ಪ್ರಶ್ನೆ ಬೇರೆಯೇ ಆಗುವುದು. ಸಿಡಿಲಿನ ಪ್ರವಾಹ ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ಸಾವಿರ ಆಂಪಿಯರ್. ಅದು ತೋಟದ ಒಂದು ಮರಕ್ಕೆ ಬಡಿದು, ಅದರ ಒಂದು ಸಣ್ಣ ಪಾಲು, ೧೦೦೦ ಆಂಪಿಯರ್ ಎನ್ನೋಣ, ಕೇಬಲಿನ ಕವಚವನ್ನು ಹಿಡಿದು ಮನೆಗೆ ಬಂದಿತು. ಅದು ನೆಲಕ್ಕೆ ಇಳಿಯಬೇಕು. ನಮ್ಮ ನೆಲವೆಂದರೆ ಮುರಕಲ್ಲು. ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಫ್ರಾನ್ಸಿಸ್ ಬುಕಾನನ್ ಇದಕ್ಕೆ 'ಲ್ಯಾಟರೈಟ್' ಎಂದು ನಾಮಕರಣ ಮಾಡಿದ. ಮಳೆಗಾಲದಲ್ಲಿ ನೀರನ್ನು ಹೀರಿಕೊಳ್ಳುವ ಈ ಕಲ್ಲು ಬೇಸಗೆಯ ಕೊನೆಗೆ ಒಣಗಿ, ವಿದ್ಯುತ್ತಿಗೆ ದಾರಿಬಿಡದ ಗೋಡೆಯಂತಾಗುವುದು. ಸಿಡಿಲು ಹೆಚ್ಚಾಗಿ ಬರುವುದೂ ಆಗಲೇ! ಭೂಸಂಪರ್ಕದ ರೋಧ ೨೦ ಓಮ್ ಇದ್ದರೆ, ಓಮನ ನಿಯಮದಂತೆ ೧೦೦೦ ಆಂಪಿಯರಿಗೆ ೨೦,೦೦೦ ವೋಲ್ಟ್ ಎದ್ದು ನಿಲ್ಲುವುದು.

ಈ ವೋಲ್ಟೇಜು ಎಲ್ಲಿ ಹಾನಿ ಮಾಡುವುದು? ಕೇಬಲಿಗೆ ಒಂದು ಭೂಸಂಪರ್ಕ, ಮನೆಯ ವಿದ್ಯುತ್ತಿಗೆ ಬೇರೊಂದು ಎಂದಿದ್ದರೆ, ಕೇಬಲಿನ ಕಡೆ ೨೦,೦೦೦ ವೋಲ್ಟಿಗೆ ಏರಿದಾಗ ವಿದ್ಯುತ್ತಿನ ಕಡೆ ಇದ್ದಲ್ಲೇ ಇರುವುದು. ಎರಡೂ ತಂತಿಗಳು ಸಂಧಿಸುವ ಸ್ಥಳವೆಂದರೆ ಟೆಲಿವಿಷನ್ನಿನ ಒಡಲು. ಕಿಡಿ ಹಾರುವುದು ಅಲ್ಲಿಯೇ. ಎರಡನ್ನೂ ಗಿಡ್ಡ ತಂತಿಯೊಂದರಿಂದ ಮೊದಲೇ ಕಟ್ಟಿಹಾಕಿದ್ದರೆ, ಒಂದೇ ದೋಣಿಯಲ್ಲಿ ಕುಳಿತವರಂತೆ ಎರಡೂ ಕೂಡಿಯೇ ಏರುವುವು, ಕೂಡಿಯೇ ಇಳಿಯುವುವು. ಅವುಗಳ ನಡುವೆ ಅಂತರ ಹುಟ್ಟುವುದಿಲ್ಲ.

ಗಿಡ್ಡ ತಂತಿ ಎಂದು ಹೇಳಿದ್ದಕ್ಕೆ ಕಾರಣವಿದೆ. ಸಿಡಿಲಿನ ಪ್ರವಾಹ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ, ಮೈಕ್ರೊಸೆಕೆಂಡುಗಳಲ್ಲಿ ಏರುವುದು. ಅಷ್ಟು ವೇಗದ ಏರಿಕೆಗೆ ತಂತಿಯ ಸಾಮಾನ್ಯ ರೋಧಕ್ಕಿಂತ ಅದರ ಪ್ರೇರಕತ್ವವೇ ದೊಡ್ಡ ಅಡ್ಡಿ. ನೇರವಾದ ಒಂದು ಮೀಟರು ತಂತಿಗೆ ಸುಮಾರು ಒಂದು ಮೈಕ್ರೊಹೆನ್ರಿ. ಒಂದು ಮೈಕ್ರೊಸೆಕೆಂಡಿನಲ್ಲಿ ೧೦೦೦ ಆಂಪಿಯರ್ ಏರಿದರೆ ಮೀಟರೊಂದಕ್ಕೆ ೧೦೦೦ ವೋಲ್ಟ್. ಹತ್ತು ಮೀಟರು ತಂತಿಯಾದರೆ ೧೦,೦೦೦ ವೋಲ್ಟ್. ಎಂದ ಮೇಲೆ, ಕೇಬಲು ಮನೆಯನ್ನು ಹೊಗಬೇಕಾದುದು ವಿದ್ಯುತ್ ಮೀಟರಿನ ಮಗ್ಗುಲಲ್ಲಿ, ಅದರ ಭೂಸಂಪರ್ಕಕ್ಕೆ ಮೊಳದಳತೆಯಲ್ಲಿ. ವಾಸ್ತವದಲ್ಲಿ ಆಗುವುದೇನು? ಟೆಲಿವಿಷನ್ ಇರುವ ಕೋಣೆಗೆ ಹತ್ತಿರವಾಗಲೆಂದು, ಮನೆಯ ಇನ್ನೊಂದು ಕೊನೆಯಲ್ಲಿ, ಕಿಟಕಿಯ ಚೌಕಟ್ಟಿನ ಪಕ್ಕದಲ್ಲಿ ತೂತು ಕೊರೆದು ಕೇಬಲನ್ನು ತೂರಿಸುವರು. ಹತ್ತು ಮೀಟರು ಕೇಬಲು ಉಳಿಯಿತೆಂಬ ಸಂತೋಷ ಕೇಬಲಿನವರಿಗೂ ಉಂಟು, ಮನೆಯವರಿಗೂ ಉಂಟು. ನನ್ನ ಅಭಿಪ್ರಾಯದಲ್ಲಿ, ಪೆಟ್ಟಿಗೆಯನ್ನು ತೆರೆಯುವ ಹಕ್ಕಿಗಿಂತ ಅದನ್ನು ಎಲ್ಲಿ ಬಿಗಿಯಬೇಕೆಂದು ಹೇಳುವ ಹಕ್ಕು ಯಜಮಾನನಿಗೆ ನೂರು ಪಾಲು ಹೆಚ್ಚು ಬೆಲೆಯುಳ್ಳದ್ದು. ಅದನ್ನು ಚಲಾಯಿಸಲು ಯಾವ ಕಾನೂನೂ ಬೇಡ. ಏಣಿ ಇಡುವ ಮುನ್ನ ಬಾಯಿಬಿಟ್ಟು ಹೇಳಿದರಾಯಿತು.

ಕಾನೂನಿನ ಸ್ಥಿತಿಯನ್ನೂ ತಿಳಿದಿರುವುದು ಒಳ್ಳೆಯದು. ವಿದ್ಯುತ್ ಮೀಟರಿನ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ೨೦೦೩ರ ವಿದ್ಯುಚ್ಛಕ್ತಿ ಕಾಯಿದೆಯ ೧೩೮ನೆಯ ಕಲಮಿನಂತೆ, ಮೀಟರನ್ನು ಅನುಮತಿಯಿಲ್ಲದೆ ಜೋಡಿಸುವುದು, ಬೇಕೆಂದು ಕೆಡಿಸುವುದು, ಅದರ ಅಂಕಿಯನ್ನು ತಿದ್ದುವುದು ಮೂರು ವರ್ಷಗಳವರೆಗಿನ ಸೆರೆಮನೆಗೋ ೧೦,೦೦೦ ರೂಪಾಯಿಗಳವರೆಗಿನ ದಂಡಕ್ಕೋ ಎರಡಕ್ಕೂ ಸೇರಿಯೋ ಗುರಿಮಾಡುವ ಅಪರಾಧ. ಆದರೆ ಮೀಟರಿನಿಂದ ಈಚೆಗೆ ಮೇನ್ ಸ್ವಿಚ್ಚು ಮನೆಯವರ ಕೈಯಲ್ಲಿಯೇ ಇದೆ. ಬೇಕೆಂದಾಗ ಮನೆಯನ್ನು ಬೇರ್ಪಡಿಸಬಹುದು. ಕೇಬಲಿಗೆ ಹೀಗೊಂದು ಗೆರೆ ನಮ್ಮಲ್ಲಿ ಸ್ಪಷ್ಟವಾಗಿ ಮೂಡಿಲ್ಲ. ೧೯೯೫ರ ಕೇಬಲ್ ಟೆಲಿವಿಷನ್ ಕಾಯಿದೆ ಮುಖ್ಯವಾಗಿ ಕೇಬಲಿನವರ ನೋಂದಣಿ, ಕಾರ್ಯಕ್ರಮಗಳ ಸಂಹಿತೆ ಮುಂತಾದವನ್ನು ಕುರಿತದ್ದು. ೨೦೧೭ರ ಮಾರ್ಚ್ ೩೧ರ ಗಡುವಿನೊಂದಿಗೆ ಹಳ್ಳಿಗಳಲ್ಲಿಯೂ ಡಿಜಿಟಲ್ ಪದ್ಧತಿ ಕಡ್ಡಾಯವಾದಾಗ, ಸೆಟ್‌ಟಾಪ್ ಬಾಕ್ಸನ್ನು ಕೊಂಡುಕೊಳ್ಳುವ, ಬಾಡಿಗೆಗೆ ಪಡೆಯುವ ನಿಯಮಗಳು ಬಂದುವು. ಒಳಗಿನ ಪೆಟ್ಟಿಗೆಗೆ ಒಂದು ವ್ಯವಸ್ಥೆಯಾಯಿತು; ಗೋಡೆಯ ಮೇಲಿನ ಪೆಟ್ಟಿಗೆ ರೂಢಿಯ ಪಾಲಿಗೇ ಉಳಿಯಿತು.

ಅಮೆರಿಕದಲ್ಲಿ ಈ ಗೆರೆಯನ್ನು ಅಂಗುಲದ ಲೆಕ್ಕದಲ್ಲಿಯೇ ಎಳೆದಿದ್ದಾರೆ. ೧೯೯೨ರ ಕೇಬಲ್ ಕಾಯಿದೆಯನ್ನು ಅನುಸರಿಸಿ ಅಲ್ಲಿನ ಸಂಪರ್ಕ ಆಯೋಗ ಮಾಡಿದ ನಿಯಮದಂತೆ, ಒಂಟಿಮನೆಗಳಲ್ಲಿ ಕೇಬಲು ಮನೆಯನ್ನು ಹೊಗುವ ಸ್ಥಳದಿಂದ ಸುಮಾರು ಹನ್ನೆರಡು ಅಂಗುಲ ಹೊರಗೆ ಎಲ್ಲೆ. ಅದರಿಂದ ಒಳಗಿನ ತಂತಿಯನ್ನು, ಚಂದಾ ನಿಲ್ಲಿಸಿದ ಗಿರಾಕಿಯ ಮನೆಯಿಂದ ಕಿತ್ತುಕೊಂಡು ಹೋಗುವ ಮೊದಲು ಕಂಪೆನಿ ಅವನಿಗೇ ಮಾರಲು ಸಿದ್ಧವಿರಬೇಕು. ಅಲ್ಲಿನ ಟೆಲಿಫೋನು ಪೆಟ್ಟಿಗೆ ಇದಕ್ಕಿಂತ ಅಚ್ಚುಕಟ್ಟು. ಒಂದೇ ಪೆಟ್ಟಿಗೆಯಲ್ಲಿ ಎರಡು ಕೋಣೆ: ಒಂದನ್ನು ಸಾಮಾನ್ಯ ತಿರುಪುಳಿಯಿಂದ ಮನೆಯವರೇ ತೆರೆಯಬಹುದು, ಇನ್ನೊಂದಕ್ಕೆ ಕಂಪೆನಿಯವರ ವಿಶೇಷ ಉಪಕರಣ ಬೇಕು. ಮನೆಯವರ ಕೋಣೆಯಲ್ಲಿರುವ ಪ್ಲಗ್ಗನ್ನು ಎಳೆದರೆ ಮನೆಯ ತಂತಿಯೆಲ್ಲ ಕಂಪೆನಿಯ ತಂತಿಯಿಂದ ಬೇರೆಯಾಗುವುದು. ದೋಷ ತಮ್ಮ ಕಡೆಯದೋ ಅವರ ಕಡೆಯದೋ ಎಂಬುದೂ ಒಡನೆ ತಿಳಿಯುವುದು. ಇಂತಹ ಪೆಟ್ಟಿಗೆಯನ್ನು ನಮ್ಮಲ್ಲಿ ಕಾಯಬೇಕಾಗಿಲ್ಲ. ಕಂಪೆನಿಯ ಬೀಗದ ಪೆಟ್ಟಿಗೆಯಿಂದ ಬಂದ ಕೇಬಲನ್ನು ಜಗಲಿಯ ಮೇಲೆ, ಕೈಗೆಟುಕುವ ಎತ್ತರದಲ್ಲಿ, ಭೂಸಂಪರ್ಕಕ್ಕೆ ಕಟ್ಟಿದ ಒಂದು ಲೋಹದ ಜೋಡಣೆಯ ಮೂಲಕ ಹಾಯಿಸಿ ಅಲ್ಲಿಂದ ಒಳಗೆ ಒಯ್ದರೆ ಆ ಕೆಲಸವೇ ನಡೆಯಿತು. ಮೋಡ ಕಟ್ಟುವುದನ್ನು ಕಂಡಾಗಲೇ ಅದನ್ನು ಬಿಚ್ಚಿಡಬಹುದು. ಜೊತೆಗೆ ಗೋಡೆಯ ಪ್ಲಗ್ಗನ್ನೂ ಕೀಳಬೇಕು. ಗುಡುಗು ಕೇಳಿದ ಮೇಲೆ ಮಾತ್ರ ಎರಡನ್ನೂ ಮುಟ್ಟಬಾರದು. ಮಿಂಚಿಗೂ ಗುಡುಗಿಗೂ ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ ಲೆಕ್ಕ ಹಾಕಿ ಧೈರ್ಯ ತಂದುಕೊಳ್ಳುವವರುಂಟು. ಮುಂದಿನ ಸಿಡಿಲು ಹಿಂದಿನದರ ದೂರವನ್ನು ಕೇಳಿಕೊಂಡು ಬರುವುದಿಲ್ಲ.

ಗಾಜಿನ ಎಳೆ ಬಂದ ಮೇಲೆ ಈ ಚಿಂತೆಯೆಲ್ಲ ತೀರಿತೆಂದು ಹೇಳುವುದನ್ನು ಕೇಳಿದ್ದೇನೆ. ಗಾಜು ವಿದ್ಯುತ್ತನ್ನು ಒಯ್ಯದು, ಸರಿ. ಆದರೆ ಕಂಬದಿಂದ ಮನೆಗೆ ಎಳೆಯುವ ಫೈಬರ್ ಕೇಬಲಿಗೆ, ಜೋತು ಬೀಳದಿರಲೆಂದು, ಉಕ್ಕಿನ ತಂತಿಯನ್ನು ಅನೇಕ ಸಲ ಸೇರಿಸಿರುವರು. ಆ ಉಕ್ಕನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಿ, ಗಾಜನ್ನು ಮಾತ್ರ ಒಳಗೆ ಬಿಡಬೇಕು. ಈ ಪೆಟ್ಟಿಗೆಯನ್ನು ಕುತೂಹಲದಿಂದ ತೆರೆಯುವ ವಿದ್ಯಾರ್ಥಿಗಳಿಗೆ ಎರಡು ಮಾತು. ಎಳೆಯಲ್ಲಿ ಬರುವ ಬೆಳಕು ೧೪೯೦ ನ್ಯಾನೊಮೀಟರಿನ ಅವರಕ್ತ ಬೆಳಕು, ಕಣ್ಣಿಗೆ ಕಾಣದು. ಕಾಣದೆಂದು ತುದಿಯೊಳಗೆ ಇಣುಕಬಾರದು. ಇನ್ನು, ಬೆಳಕು ಹರಿಯುವ ತಿರುಳಿನ ಅಗಲ ೯ ಮೈಕ್ರಾನು, ಕೂದಲಿನ ದಪ್ಪದ ಏಳೆಂಟರಲ್ಲಿ ಒಂದು ಪಾಲು. ಬೆರಳು ತಗಲಿದ ಒಂದು ಕಣ ಧೂಳು ಸಾಕು, ಮನೆಯ ಪಾಠ, ಪತ್ರ, ಸಿನಿಮಾ ಎಲ್ಲ ನಿಲ್ಲುವುದಕ್ಕೆ.

ಕೊನೆಗೆ, ಗೋಡೆಯ ಮೇಲೆ ಉಳಿದ ಸತ್ತ ತಂತಿಗಳ ವಿಷಯ. ಟೆಲಿಫೋನು ಹೋಯಿತು, ಕೇಬಲು ಬಿಟ್ಟು ಫೈಬರು ಬಂದಿತು, ಆದರೆ ಹಳೆಯ ತಂತಿಗಳನ್ನು ಯಾರೂ ಒಯ್ಯಲಿಲ್ಲ. ಸಂಕೇತದ ಮಟ್ಟಿಗೆ ಅವು ಸತ್ತಿದ್ದರೂ ಸಿಡಿಲಿನ ಮಟ್ಟಿಗೆ ಪೂರ್ಣ ಜೀವಂತ. ಮನೆಯೊಳಗೆ ಅದರ ತುದಿ ಈಗ ಯಾವ ಯಂತ್ರಕ್ಕೂ ಸೇರದೆ ಕಪಾಟಿನ ಹಿಂದೆಯೋ ಮಂಚದ ತಲೆದೆಸೆಯಲ್ಲಿಯೋ ಸುರುಳಿಯಾಗಿ ಬಿದ್ದಿರುವುದು. ಅದನ್ನು ಮನೆಯ ಕಡೆಯಲ್ಲಿ ಕತ್ತರಿಸಿದರೆ ಕೆಲಸ ಅರ್ಧ ಮಾತ್ರ ಆದಂತೆ. ತೋಟದ ಮೇಲೆ ಜೋತಾಡುವ ನೂರು ಮೀಟರು ಲೋಹ ಹಾಗೆಯೇ ಗೋಡೆಯವರೆಗೆ ಬಂದು ನಿಂತಿರುವುದು. ಕಂಬ ಏರಿ ಬಿಚ್ಚುವುದು ಮನೆಯವರ ಕೆಲಸವಲ್ಲ. ಹೊಸ ಸಂಪರ್ಕಕ್ಕೆಂದು ಕೇಬಲಿನವರು ಏಣಿ ಹೊತ್ತು ಬಂದ ದಿನವೇ, ಹಳೆಯದನ್ನು ಕಂಬದ ತುದಿಯಿಂದ ಬಿಚ್ಚಿ ಸುತ್ತಿ ಅಂಗಳಕ್ಕೆ ಇಳಿಸಿಕೊಡುವಂತೆ ಕೇಳಿಕೊಳ್ಳಬೇಕು.