ಮದ್ಯ ಮುಟ್ಟದವರಿಗೂ ಫ್ಯಾಟಿ ಲಿವರ್ ಏಕೆ?

ಕೊಬ್ಬು ಬಾಟಲಿಯಿಂದಷ್ಟೇ ಅಲ್ಲ, ತಟ್ಟೆಯಿಂದಲೂ ಬರುತ್ತದೆ. ಅನ್ನ, ಸಕ್ಕರೆ, ಬೇಕರಿ ತಿನಿಸು ಅತಿಯಾದರೆ ಯಕೃತ್ತು ಹೆಚ್ಚುವರಿಯನ್ನು ಕೊಬ್ಬಾಗಿಸುತ್ತದೆ. ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದ ದೇಹದಲ್ಲಿ ಬೊಜ್ಜಿನ ಕೊಬ್ಬೂ ರಕ್ತದ ಮೂಲಕ ಅಲ್ಲಿಗೇ ಬಂದು ಸೇರುತ್ತದೆ. ಯಕೃತ್ತಿನಲ್ಲಿ ಕೊಬ್ಬಿನ ಪ್ರಮಾಣ ಶೇ. 5 ಮೀರಿದರೆ ಫ್ಯಾಟಿ ಲಿವರ್. ತೆಳ್ಳಗಿರುವವರಿಗೂ ವಿನಾಯಿತಿಯಿಲ್ಲ.

ನೋವಿಲ್ಲ, ಕಾಮಾಲೆಯಿಲ್ಲ. ಇನ್ನೇನಕ್ಕೋ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಸಿಕ್ಕಿಬೀಳುವುದೇ ಹೆಚ್ಚು. ಕೆಲವರಲ್ಲಿ ಮಾತ್ರ ಅದು ಉರಿಯೂತವಾಗಿ, ಕಲೆಗಟ್ಟಿ, ಸಿರೋಸಿಸ್‌ವರೆಗೂ ಹೋಗುತ್ತದೆ.

ಈ ಕಾಯಿಲೆಗೆಂದೇ ಅಮೆರಿಕದಲ್ಲಿ ಮೊದಲ ಮಾತ್ರೆ, ರೆಸ್ಮೆಟಿರಾಮ್, ಒಪ್ಪಿಗೆ ಪಡೆದದ್ದು 2024ರಲ್ಲಿ. ಅದೂ ಯಕೃತ್ತು ಕಲೆಗಟ್ಟಿದವರಿಗಷ್ಟೇ. ಹೆಚ್ಚಿನವರಿಗೆ ಇಂದಿಗೂ ತೂಕ ಇಳಿಸುವುದೇ ಮದ್ದು. 80 ಕಿಲೋ ಇರುವವರು ಆರೆಂಟು ಕಿಲೋ ಇಳಿಸಿದರೆ ಉರಿಯೂತವೂ ತಗ್ಗೀತು. ‘ಲಿವರ್ ಕ್ಲೀನ್’ ಮಾಡುವ ಕಷಾಯಗಳ ಸಹವಾಸ ಬೇಡ: ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಯಕೃತ್ತು ಕೆಡಿಸಿಕೊಂಡವರ ಪ್ರಕರಣಗಳನ್ನು ಮುಂಬೈ ವೈದ್ಯರು ದಾಖಲಿಸಿದ್ದಾರೆ.